ದೀಪ ನೋಡಿದವರು

“ಗಂಡನ್ನ ಸುಡೋದ್ ಬಿಟ್ಟು ಮನೆ ಸುಟ್ಟಿದೀಯಲ್ಲೇ ಮುಂಡೆ!”

ಉಮೇಶ ಹೀಗೆ ಅಂದದ್ದು ಪೊಲೀಸ್ ಸ್ಟೇಷನ್ನಿನ ಒಳಗೆ, ಎಸ್‌ಐ ರಘುನಾಥನ ಮೇಜಿನ ಎದುರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು. ನಮ್ಮವ್ವ ಮುನಿಕೆಂಪಮ್ಮ ನೆಲದ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಅವ್ವನ ಪಾದಕ್ಕೆ ಅಪ್ಪನ ಗುಂಡಿಯ ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ನಾವು ಹೆಣ ಹೂಳುವವರು, ಸುಡುವವರಲ್ಲ. ಅದು ಉಮೇಶನಿಗೂ ಗೊತ್ತು. ತಲೆಮಾರುಗಟ್ಟಲೆ ಅವನ ಮನೆಯ ಹೊಲ ಉತ್ತವರು, ಅವನ ಮನೆಯ ಸತ್ತ ದನ ಎಳೆದವರು ನಾವೇ. ಮುಂಡೆ ಎಂಬ ಬೈಗುಳವನ್ನು ಆ ಮನೆಯ ಗಂಡಸರ ಬಾಯಲ್ಲಿ ಕೇಳಿಸಿಕೊಳ್ಳುತ್ತಲೇ ಅವ್ವ ಮುದುಕಿಯಾಗಿದ್ದಳು. ಆ ದಿನ ಮೊದಲ ಸಲ ಅದು ನಿಜವಾಗಿತ್ತು.

ದೂರು ಉಮೇಶನದು. ಮುನಿಕೆಂಪಮ್ಮ ಎಂಬಾಕೆ ಉರಿಯುವ ಒಲೆ ಬಿಟ್ಟು ಸ್ಮಶಾನಕ್ಕೆ ಹೋದಳು, ಅದರಿಂದ ಸಾಲುಮನೆಗಳಿಗೆ ಬೆಂಕಿ ಹತ್ತಿತು, ತನ್ನ ಕಾಂಪೌಂಡು, ತೇಗದ ಗಿಡ ಹಾಳಾದವು ಅಂತ. ನಮ್ಮ ಪಾತ್ರೆ ಪಡಗ, ಬಟ್ಟೆಬರೆ, ಮಕ್ಕಳ ಪುಸ್ತಕದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮನೆ ಕಳಕೊಂಡವಳು ನೆಲದ ಮೇಲೆ ಕೂತಿದ್ದಳು, ತೇಗದ ಗಿಡ ಕಳಕೊಂಡವನು ಕುರ್ಚಿಯ ಮೇಲೆ ಕೂತಿದ್ದ.

“ಒಲೆ ಯಾಕೆ ಆರಿಸ್ದೆ ಹೋದೆ?” ಅಂತ ರಘುನಾಥ ಕೇಳಿದ.

“ಒಲೆ ಅಚ್ಚೇ ಇಲ್ಲ ಸ್ವಾಮಿ. ಎಣ ಮಡೀಕೊಂಡು ಯಾರಾನ ಒಲೆ ಅಚ್ತಾರಾ? ನಮ್ಮನೆ ಒಂದೇ ಅಲ್ಲ, ಕೇರಿಗ್ ಕೇರೀನೇ ಅಚ್ಚಿಲ್ಲ. ಸೂತಕ.”

ಉಮೇಶ ನಕ್ಕ. “ಕೇಳುದ್ರಾ ಸಾರ್? ಇವ್ರಿಗೂ ಸೂತಕ ಅಂತೆ! ಸತ್ತ ದನ ತಿನ್ನೋ ನನ್ ಮಕ್ಳಿಗೂ ಮಡಿ, ಮೈಲಿಗೆ ಎಲ್ಲ ಬಂದ್ಬಿಟ್ಟಿದೆ.”

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಹೆಡ್ ಕಾನ್‌ಸ್ಟೇಬಲ್ ಗುರುಪಾದಪ್ಪ ಕೂತಿದ್ದ. ಕಲಬುರಗಿ ಕಡೆಯವನು. ತಲೆ ಎತ್ತದೆಯೇ, “ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ರಿ ಸಾಹೇಬ್ರ. ಎಲ್ಲಾ ಜಾತ್ಯಾಗೂ ಅದ ಅದು” ಅಂದ.

ರಘುನಾಥ ಉಮೇಶನ ಮುಖ ನೋಡಿದ. ಉಮೇಶ ಗೋಡೆಯ ಮುಖ ನೋಡಿದ. ಇಡೀ ಕೇರಿಯಲ್ಲಿ ಒಲೆಯೇ ಹಚ್ಚಿಲ್ಲ ಅಂದಮೇಲೆ ಒಲೆಯಿಂದ ಬೆಂಕಿ ಹತ್ತುವುದು ಹೇಗೆ? ನನಗೆ ಒಳಗೊಳಗೇ ಖುಷಿಯಾಯಿತು. ಆಗ ಅವ್ವ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವಳದು ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ನಿಜ ಹೇಳುವ ಬಾಯಿ.

“ದೀಪ ಒಂದ್ ಬುಟ್ರೆ ಮನೇಲಿ ಕಿಡಿ ಬೆಂಕಿ ಇರ್ಲಿಲ್ಲ ಸ್ವಾಮಿ.”

“ದೀಪ?” ರಘುನಾಥ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಎಣ್ಣೆ ದೀಪ! ಯಾರೂ ಇಲ್ದಿರೋ ಮನೇಲಿ! ಗುರುಪಾದಪ್ಪ, ಒಲೆ ಹೊಡ್ದಾಕಿ, ದೀಪ ಅಂತ ಮಾಡ್ರೀ.”

ಹೀಗೆ ಒಲೆಯ ಜಾಗಕ್ಕೆ ದೀಪ ಬಂತು. ದೂರಿನ ಉಳಿದ ಒಂದಕ್ಷರವೂ ಬದಲಾಗಲಿಲ್ಲ.

ನಮ್ಮ ಸಾಲು ಇರುವುದು ಕೊಡಿಗೇಹಳ್ಳಿಯಿಂದ ಆಚೆ, ರೈಲು ಹಳಿಯ ಪಕ್ಕ. ಇದ್ದದ್ದು ಅನ್ನಬೇಕು. ಅದು ಉಮೇಶನ ಅಪ್ಪ ಅಶ್ವತ್ಥಪ್ಪನ ತೋಟದ ಮೂಲೆ. ಜೀತಕ್ಕಿದ್ದ ನಮ್ಮ ತಾತಂದಿರಿಗೆ ಆ ಮನೆಯ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟದ್ದು. ಆಮೇಲೆ ತೋಟ ಲೇಔಟಾಯಿತು, ಲೇಔಟು ಅಪಾರ್ಟ್‌ಮೆಂಟಾಯಿತು. ನನ್ನಪ್ಪ ಶ್ರೀರಾಮಪ್ಪ ಹೂಕೋಸು ಬೆಳೆದ ಜಾಗದಲ್ಲಿ ನಾನು ಈಗ ಮೆಟ್ಟಿಲು ಒರೆಸುತ್ತೇನೆ. ನಮ್ಮ ಮೂಲೆಯನ್ನೂ ಬಿಲ್ಡರಿಗೆ ಕೊಡಲು ಉಮೇಶ ಜೆಸಿಬಿ ತಂದಾಗ ನಾವು ಕೋರ್ಟಿಗೆ ಹೋದೆವು. ಕೇಸು ತೀರ್ಮಾನವಾಗುವ ತನಕ ಅಲ್ಲಿರುವ ಮನೆಗಳನ್ನು ಯಾರೂ ಕೆಡವಬಾರದು ಅಂತ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇರುವ ಮನೆಗಳನ್ನು. ಮನೆಗಳೇ ಇಲ್ಲದ ಮೇಲೆ ಕೆಡವುವ ಪ್ರಶ್ನೆ ಎಲ್ಲಿ ಬರುತ್ತದೆ?

ಅಪ್ಪ ತೀರಿಕೊಂಡದ್ದು ಹಿಂದಿನ ಸಂಜೆ. ಮಾರನೆಯ ದಿನ ಮಧ್ಯಾಹ್ನ ಮಣ್ಣು. ನಮ್ಮಲ್ಲಿ ಗುಂಡಿಯ ತನಕ ಹೆಂಗಸರೂ ಹೋಗುತ್ತೇವೆ. ಹಿಂದೆ ಒಬ್ಬರು ಮಾತ್ರ ಉಳಿದುಕೊಳ್ಳುತ್ತಾರೆ. ಹೆಣ ಮಲಗಿಸಿದ್ದ ಜಾಗ ತೊಳೆದು, ಸಗಣಿ ಸಾರಿಸಿ, ಸೇರಿನ ತುಂಬ ರಾಗಿ ಇಟ್ಟು, ಅದರ ಮೇಲೆ ದೀಪ ಹಚ್ಚುವುದು ಅವರ ಕೆಲಸ. ಮಣ್ಣು ಹಾಕಿ ಬಂದವರು ಆ ದೀಪ ನೋಡಿಯೇ ತಮ್ಮ ತಮ್ಮ ಮನೆಗೆ ಹೋಗಬೇಕು. ನೋಡದೆ ಹೋದರೆ ಸತ್ತವನು ಬೆನ್ನ ಹಿಂದೆಯೇ ಬಂದು ಅವರ ಹೊಸಲು ದಾಟುತ್ತಾನೆ ಅಂತ ನಂಬಿಕೆ. ನೀರಿಗೆ, ದೇವಸ್ಥಾನಕ್ಕೆ ಜಾತಿ ಉಂಟು. ಈ ಹೆದರಿಕೆಗೆ ಇಲ್ಲ. ಅಶ್ವತ್ಥಪ್ಪನಂಥ ಗೌಡರ ಮನೆಯವರೂ ದೀಪ ನೋಡಿಯೇ ಹೋಗುತ್ತಾರೆ.

ಆ ದಿನ ಉಳಿದುಕೊಂಡವಳು ಪಕ್ಕದ ಮನೆಯ ಗೋಪಾಲಮ್ಮ. ಕಣ್ಣಿಗೆ ಪೊರೆ ಬಂದ ಮುದುಕಿ. ದೀಪ ಹಚ್ಚಿ ಅವಳು ನಲ್ಲಿಯ ಹತ್ತಿರ ಮೈ ತೊಳೆಯಲು ಹೋದಳು. ಅವಳು ಹೇಳುವುದು ಇಷ್ಟೇ: ಸಾಲಿನ ಆ ತುದಿಯಲ್ಲಿ ಒಂದು ಬೈಕು ನಿಂತ ಸದ್ದು, ಆಮೇಲೆ ಗಪ್ಪನೆ ಪೆಟ್ರೋಲ್ ವಾಸನೆ, ಆಮೇಲೆ ಬೆಂಕಿ. ಮುಖ ಕಾಣಲಿಲ್ಲ.

ಅಪ್ಪನ ಗುಂಡಿ ಅರ್ಧ ಮುಚ್ಚಿತ್ತು. ಅಶ್ವತ್ಥಪ್ಪನೂ ಬಂದಿದ್ದ. ಆಳು ಸತ್ತರೆ ಯಜಮಾನ ಒಂದು ಹಿಡಿ ಮಣ್ಣು ಹಾಕುವುದು ಹಳೆಯ ಊರಿನ ಮರ್ಯಾದೆ. ಬದುಕಿದ್ದಾಗ ಕೊಡದ ಮರ್ಯಾದೆಯನ್ನೆಲ್ಲ ಆ ಒಂದು ಹಿಡಿಯಲ್ಲಿ ಕೊಟ್ಟು ಮುಗಿಸುತ್ತಾರೆ. ಅವನು ಮಣ್ಣು ಹಿಡಿದುಕೊಂಡಿದ್ದಾಗಲೇ ಯಾರೋ ಸಾಲಿನ ಕಡೆ ಕೈ ತೋರಿಸಿ “ಒಗೆ! ಬೆಂಕಿ!” ಅಂತ ಕೂಗಿದರು. ಮಗನ ಕೆಲಸ ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಆಣೆ ಮಾಡಿ ಹೇಳಲಾರೆ. ಅವನ ಕೈಯ ಮಣ್ಣು ಗುಂಡಿಗೆ ಬೀಳದೆ ಅವನ ಬಿಳಿ ಪಂಚೆಯ ಮೇಲೆಯೇ ಬಿತ್ತು.

ಗಂಡಸರು ಗುದ್ದಲಿ ಹಿಡಿದುಕೊಂಡೇ ಓಡಿದರು. ಅಪ್ಪನನ್ನು ಅರ್ಧ ಮಣ್ಣಿನಲ್ಲಿ ಬಿಟ್ಟು ನಾವೂ ಓಡಿದೆವು. ಬೆಂಕಿ ಸಾಲಿನ ಆ ತುದಿಯಿಂದ ಈ ಕಡೆಗೆ ಬರುತ್ತಿತ್ತು. ನಮ್ಮದು ಈ ತುದಿಯ ಕೊನೆಯ ಮನೆ. ಫೈರ್ ಇಂಜಿನ್ ಬಂತು, ಆದರೆ ಲೇಔಟಿನ ಗೇಟಿಗೆ ಬೀಗ. ಆ ಗೇಟು ನಿಲ್ಲಿಸಿದಾಗಿನಿಂದ ಅದಕ್ಕೆ ಬೀಗ ಬಿದ್ದದ್ದನ್ನು ನಾನು ನೋಡಿರಲಿಲ್ಲ. ಕೀ ಉಮೇಶಣ್ಣನ ಹತ್ತಿರ ಇದೆ, ಉಮೇಶಣ್ಣನ ಫೋನು ಸ್ವಿಚಾಫ್ ಅಂತ ವಾಚ್‌ಮನ್ ಕೈ ಕೈ ಹಿಸುಕಿಕೊಂಡ. ಕೊನೆಗೆ ಬೀಗ ಒಡೆದು ಒಳಗೆ ಬರುವಷ್ಟರಲ್ಲಿ ಸಾಲು ಬೂದಿಯಾಗಿತ್ತು. ಬೆಂಕಿ ನಮ್ಮ ಮನೆಗೆ ದಾಟದಿರಲಿ ಅಂತ ಗಂಡಸರು ಅದೇ ಗುದ್ದಲಿಗಳಿಂದ ನಮ್ಮ ಸೂರನ್ನು ಕಿತ್ತು ಹೊರಕ್ಕೆ ಎಳೆದು ಹಾಕಿದ್ದರು. ಅದಕ್ಕೆ ನಮ್ಮ ನಾಲ್ಕು ಗೋಡೆ ಮಾತ್ರ ಉಳಿದವು.

ಗೋಡೆಗಳ ನಡುವೆ ಸೇರು, ಸೇರಿನ ಮೇಲೆ ದೀಪ. ಉರಿಯುತ್ತಿತ್ತು.

ನಾಲ್ಕು ಜನ ವಾಪಸು ಹೋಗಿ ಅಪ್ಪನ ಗುಂಡಿ ಮುಚ್ಚಿ ಬಂದರು. ಮನೆ ಹೋದವರು ಎದೆ ಬಡಿದುಕೊಂಡು ಅಳುತ್ತಿದ್ದರು. ಆದರೂ ಹಿರಿಯನೊಬ್ಬ, “ಗುಂಡೀಗ್ ಓಗಿದ್ದೋರು ದೀಪ ನೋಡ್ರಪ್ಪ, ಸುಮ್ನೆ ಓಗ್ಬ್ಯಾಡಿ” ಅಂದ. ಹೋಗಲು ಅವರಿಗೆ ಮನೆ ಎಲ್ಲಿತ್ತು? ಆದರೂ ಮಸಿ ಹಿಡಿದ ಮುಖಗಳು ಒಂದರ ಹಿಂದೆ ಒಂದು ನಮ್ಮ ಹೊಸಲಿನ ಮುಂದೆ ಬಗ್ಗಿ ದೀಪ ನೋಡಿ ಹೋದವು. ಎಲ್ಲರಿಗಿಂತ ಕೊನೆಗೆ ಅಶ್ವತ್ಥಪ್ಪ ಕಾರಿನಿಂದ ಇಳಿದು ಬಂದ. ಒಳಗೆ ಕಾಲಿಡಲಿಲ್ಲ, ಇಡುವವನೂ ಅಲ್ಲ. ಹೊಸಲಿನ ಆಚೆಯಿಂದಲೇ ಕತ್ತು ಚಾಚಿ ದೀಪ ನೋಡಿ, ಕೈ ಮುಗಿದು ಹೋದ. ಅವನು ಹೋದ ಮೇಲೆ ಪೊಲೀಸ್ ಜೀಪು ಬಂದು ಅವ್ವನನ್ನು, ದೀಪ ಹಚ್ಚಿದ ಗೋಪಾಲಮ್ಮನನ್ನು ಹತ್ತಿಸಿಕೊಂಡಿತು. ನಾನು ಹಿಂದಿನಿಂದ ಆಟೋದಲ್ಲಿ ಬಂದೆ.

ಇದನ್ನೆಲ್ಲ ಅವ್ವ ನೆಲದ ಮೇಲೆ ಕೂತೇ ಹೇಳಿದಳು. ದೀಪ ಬಿದ್ದಿಲ್ಲ ಸ್ವಾಮಿ, ಬೆಂಕಿ ಆರಿದ ಮೇಲೂ ನೆಟ್ಟಗೆ ಉರೀತಿತ್ತು, ಅದು ಆ ತುದಿಗೆ ಎದ್ದು ಓಗಿ ಬೆಂಕಿ ಇಟ್ಟು ವಾಪಸ್ ಬಂದು ಸೇರಿನ ಮೇಲೆ ಕೂತ್ಕಂತಾ, ಅಂತ ಕೇಳಿದಳು.

“ಯಾರು ನೋಡಿದೋರು?”

“ಎಲ್ಲಾರೂ ನೋಡವ್ರೆ.”

“ಎಲ್ಲಾರೂ ಅಂದ್ರೆ ನಿಮ್ಮೋರೇ ತಾನೆ? ಮನೆ ಸುಟ್ಟುಕೊಂಡೋರು ಏನ್ ಬೇಕಾದ್ರೂ ಹೇಳ್ತಾರೆ. ಅದು ಸಾಕ್ಷಿ ಆಗಲ್ಲ. ಹೊರಗಿನೋರು ಯಾರಾದ್ರೂ ನೋಡಿದಾರಾ?”

ಅವ್ವ ಉಮೇಶನ ಕಡೆ ನೋಡಿದಳು. “ಇವ್ರಪ್ಪ ನೋಡವ್ರೆ.”

ಅಲ್ಲಾಡುತ್ತಿದ್ದ ಉಮೇಶನ ಕಾಲು ನಿಂತಿತು. “ಏಯ್! ನಮ್ಮಪ್ಪ ನಿಮ್ಮ ಹಟ್ಟಿಗೆ ಯಾಕೆ ಬರ್ತಾನೆ? ಬಾಯ್ ಇದೆ ಅಂತ ಬೊಗಳ್ಬೇಡ!”

“ಮಣ್ಣಿಗ್ ಬಂದಿದ್ರು. ದೀಪ ನೋಡಿ ಓದ್ರು. ಕರ್ಸಿ ಕೇಳಿ.”

ಕರೆಸದೆ ಬೇರೆ ದಾರಿ ಇರಲಿಲ್ಲ. ಗುರುಪಾದಪ್ಪನ ಬೆರಳು ಕೀಬೋರ್ಡಿನ ಮೇಲೆ ಕಾಯುತ್ತಾ ಇತ್ತು, ಸ್ಟೇಷನ್ನಿನ ಬಾಗಿಲಲ್ಲಿ ನಮ್ಮ ಕೇರಿಯ ಜನ ಸೇರಿತ್ತು. ಉಮೇಶ ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಆಮೇಲೆ ಅಶ್ವತ್ಥಪ್ಪ ಬಂದ. ಸ್ನಾನ ಮಾಡಿ ಬೇರೆ ಪಂಚೆ ಉಟ್ಟಿದ್ದ. ರಘುನಾಥ ಎದ್ದು ನಿಂತು ಕುರ್ಚಿ ಕೊಟ್ಟ.

“ಯಜಮಾನ್ರೇ,” ಅವ್ವ ನೆಲದಿಂದಲೇ ಕೇಳಿದಳು, “ಮಣ್ಣಿಗ್ ಬಂದಿದ್ರಲ್ಲ. ದೀಪ ನೋಡುದ್ರಾ ಇಲ್ವಾ?”

ಮುದುಕ ಮಗನ ಕಡೆ ನೋಡಿದ. ದೀಪ ಉರಿಯುತ್ತಿತ್ತು ಅಂದರೆ ದೂರು ಸುಳ್ಳಾಗುತ್ತದೆ. ದೀಪದ ಬೆಂಕಿ ಅಲ್ಲವಾದರೆ ಯಾರ ಬೆಂಕಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

“ನಾನ್ ನೋಡ್ಲಿಲ್ಲ” ಅಂದ.

“ಮತ್ತೆ ಸೀದಾ ಮನೆಗ್ ಓದ್ರಾ?”

“ಹೂಂ.”

“ಗುಂಡಿಯಿಂದ ಸೀದಾ? ಮೊಮ್ಮಕ್ಳು ಇರೋ ಮನೆಗಾ?”

ಅಶ್ವತ್ಥಪ್ಪ ಏನೋ ಹೇಳಲು ಬಾಯಿ ತೆರೆದ. ಉಮೇಶ ಎದ್ದೇಬಿಟ್ಟ. “ಶಾಪ ಹಾಕ್ತಾಳೆ ನೋಡಿ ಸಾರ್! ಎದ್ದೇಳಪ್ಪ ನೀನು, ಇವ್ಳ ಹತ್ರ ಏನ್ ಮಾತು? ಲೋಫರ್ ಮುಂಡೆ!” ಅಂತ ಅಪ್ಪನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

“ಶಾಪ ಆಕ್ಲಿಲ್ಲ ಸ್ವಾಮಿ,” ಅವ್ವ ಅಂದಳು. “ಕೇಳ್ದೆ ಅಷ್ಟೆ.”

ರಘುನಾಥ ಈಗ ದನಿ ಇಳಿಸಿದ. ಬೈಯುವುದಕ್ಕಿಂತ ಈ ದನಿಯೇ ನಮಗೆ ಹೆಚ್ಚು ಭಯ.

“ನೋಡಮ್ಮ, ನಿಂಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಬೆಂಕಿ ಒಂದೇ, ಆದ್ರೆ ಕಾನೂನು ನೋಡೋದು ಬೆಂಕೀನ ಅಲ್ಲ, ಮನಸ್ಸನ್ನ. ಗೊತ್ತಿಲ್ದೆ, ಅಜಾಗರೂಕತೆಯಿಂದ ದೀಪ ಬಿತ್ತು ಅನ್ನು, ಅದು ಚಿಕ್ಕ ವಿಷ್ಯ. ಒಂದು ಮುಚ್ಚಳಿಕೆ ಬರ್ಸಿ ಕಳಿಸ್ಬಿಡ್ತೀನಿ. ಯಾರ ಮೇಲೂ ನಮ್ಮ ದೂರಿಲ್ಲ ಅಂತ ಹೆಬ್ಬೆಟ್ಟು ಒತ್ತಿ ಹೋಗು. ಇಲ್ಲಾ ಅಂದ್ರೆ, ಬೇಕಂತ್ಲೇ ಮನೆಗೆ ಬೆಂಕಿ ಇಟ್ರಿ ಅಂತ ಹಾಕ್ಬೇಕಾಗುತ್ತೆ. ಪರಿಹಾರದ ಆಸೆಗೆ ಅಂತ. ಅದಕ್ಕೆ ಹತ್ತು ವರ್ಷ, ಜೀವಾವಧೀನೂ ಆಗ್ಬೋದು. ದೀಪ ಹಚ್ಚಿದ ಆ ಮುದುಕೀನೂ ಸೇರಿಸ್ತೀನಿ. ಹೊರಗ್ ಹೋಗಿ ಯೋಚ್ನೆ ಮಾಡು.”

ಮುಚ್ಚಳಿಕೆ ಅಂದರೇನು ಅಂತ ನನಗೆ ಗೊತ್ತಿತ್ತು. ಅವ್ವನ ಹೆಬ್ಬೆಟ್ಟು ಬಿದ್ದರೆ ನಮ್ಮ ಬೆಂಕಿಯನ್ನು ನಾವೇ ಹಚ್ಚಿಕೊಂಡ ಹಾಗೆ. ಮಾರನೆಯ ಬೆಳಗ್ಗೆ ಬೂದಿಯ ಸುತ್ತ ಉಮೇಶನ ತಗಡಿನ ಬೇಲಿ ಎದ್ದಿರುತ್ತದೆ. ಒತ್ತದಿದ್ದರೆ ಅವ್ವ ಜೈಲಿಗೆ.

ಹೊರಗೆ ಜಗುಲಿಯ ಮೇಲೆ ಗೋಪಾಲಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ಒತ್ಬುಡೇ ಮುನಿಕೆಂಪಿ,” ಅಂತ ಅವ್ವನ ಕೈ ಹಿಡಿದುಕೊಂಡಳು. “ನನ್ಗೆ ಜೈಲು ಅಂದ್ರೆ ಉಚ್ಚೆ ಬತ್ತದೆ ಕಣೇ. ನಾನ್ ಯಾಕಾನ ಆ ದೀಪ ಅಚ್ಚುದ್ನೋ!”

“ನೀನ್ ಅಚ್ಚಿದ್ದು ನನ್ ಗಂಡುನ್ ದೀಪ. ಅದಕ್ಯಾಕೆ ಅಳ್ತೀಯ?” ಅಂದಳು ಅವ್ವ. ಆದರೆ ಅವಳ ದನಿಯಲ್ಲೂ ಬಲವಿರಲಿಲ್ಲ. ನಾನೂ, “ಒತ್ತೇ ಬುಡವ್ವ, ಅಪ್ಪನ ದಿನ ಆದ್ರೂ ಮಾಡಾಣ” ಅಂದೆ. ಅವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ಸದ್ಯ ಅಂತ ನನಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಗುರುಪಾದಪ್ಪ ನೀರಿನ ಬಾಟಲಿ ತಂದು ಅವ್ವನ ಮುಂದಿಟ್ಟ. ಒಳ್ಳೆಯ ಮನುಷ್ಯ. ಹೆದರಿಸಿಯಾದರೂ ಅವ್ವನನ್ನು ಉಳಿಸೋಣ ಅಂತ ಬಂದಿದ್ದ.

“ಯವ್ವಾ, ಸುಮ್ಮ ಒತ್ತಿಬಿಡು. ಮುಚ್ಚಳಿಕಿ ಆದ್ರ ಇಲ್ಲೇ ಮುಗೀತದ, ಯಾರೂ ಏನೂ ಕೇಳಂಗಿಲ್ಲ. ದೊಡ್ಡ ಕೇಸ್ ಬಿತ್ತಂದ್ರ ಭಾಳ ತ್ರಾಸ ಅದ. ಲ್ಯಾಬಿನವ್ರು ಬರ್ತಾರ, ಬೂದಿ ಕೆದರಿ ಒಯ್ತಾರ, ಎಣ್ಣಿಯೋ ಪೆಟ್ರೋಲೋ ನೋಡ್ತಾರ. ಸೆಷನ್ಸ್ ಕೋರ್ಟಿಗೆ ಹೋಗ್ತದ. ಅಲ್ಲಿ ನಿನ್ನ ಮನಸ್ಸಿನ್ಯಾಗ ಸುಡಬೇಕಂತ ಇತ್ತು ಅಂತ ಇವ್ರೇ ಸಾಬೀತ್ ಮಾಡಬೇಕು. ಊರ ಮಂದೀನೆಲ್ಲಾ ಕಟಕಟಿ ಹತ್ತಸ್ತಾರ, ಆ ಮುದುಕ ಗೌಡನ್ನೂ ಬಿಡಂಗಿಲ್ಲ. ವರ್ಷಗಟ್ಲೆ ಎಳೀತದ. ಯಾಕ ಬೇಕು ನಿನಗ?”

ಅವ್ವ ಹೆಬ್ಬೆರಳು ಒರೆಸುವುದನ್ನು ನಿಲ್ಲಿಸಿದಳು.

“ಬೂದಿ ತಗಂಡೋಗಿ ನೋಡ್ತಾರಾ?”

“ನೋಡ್ತಾರ.”

“ಯಜಮಾನ್ರುನ್ನ ಆಣೆ ಮಾಡ್ಸಿ ಕೇಳ್ತಾರಾ?”

“ಕೇಳಬೇಕಾಗ್ತದ. ಅದಕ್ಕ ಹೇಳಾಕತ್ತೀನಿ, ಬ್ಯಾಡ ಅಂತ.”

ಅವ್ವ ನೀರನ್ನು ಗಟಗಟ ಕುಡಿದು ಬಾಟಲಿ ವಾಪಸು ಕೊಟ್ಟಳು. ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಓಡಿದೆ. ಅಪ್ಪನನ್ನು ಕಾರಿನಲ್ಲಿ ಕೂಡಿಸಿ ಬಂದಿದ್ದ ಉಮೇಶ ಮತ್ತೆ ಕುರ್ಚಿಯಲ್ಲಿದ್ದ. ಮೇಜಿನ ಮೇಲೆ ಮುಚ್ಚಳಿಕೆ ಸಿದ್ಧವಾಗಿತ್ತು, ಪಕ್ಕದಲ್ಲಿ ಶಾಯಿಯ ಪ್ಯಾಡು ತೆರೆದಿತ್ತು.

“ಬಾಮ್ಮ, ಇಲ್ಲಿ ಒತ್ತು” ಅಂದ ರಘುನಾಥ.

“ಚಿಕ್ದು ಬ್ಯಾಡ ಸ್ವಾಮಿ. ದೊಡ್ದೇ ಆಕಿ.”

“ಏನು?”

“ಬೇಕಂತ್ಲೇ ಬೆಂಕಿ ಇಟ್ಟವ್ಳೆ ಅಂತ ಆಕ್ತೀನಿ ಅಂದ್ರಲ್ಲ, ಅದು. ಅತ್ತು ವರ್ಸದ್ದು. ನಾನ್ ಒಪ್ಕೊಳ್ಳಲ್ಲ, ನಾನ್ ಇಟ್ಟಿಲ್ಲ. ಆದ್ರೂ ನೀವ್ ಆಕಿ. ಗೋಪಾಲಮ್ಮನ್ ಎಸ್ರು ಬ್ಯಾಡ, ನನ್ ಮನೆ, ನನ್ ದೀಪ, ನನ್ ಒಬ್ಳುನ್ನೇ ಬರ್ಕೊಳ್ಳಿ.”

“ತಲೆ ಕೆಟ್ಟಿದ್ಯಾ ನಿಂಗೆ? ಜೈಲಿಗ್ ಹೋಗ್ತೀಯ!”

“ಓಯ್ತೀನಿ. ಕಾನೂನು ಮನಸ್ಸು ನೋಡ್ತದೆ ಅಂದ್ರಲ್ಲ ನೀವು? ನೋಡ್ಲಿ. ನನ್ ಮನಸ್ಸು ನೋಡ್ಲಿ. ಗೇಟಿಗೆ ಬೀಗ ಆಕ್ದೋನ್ ಮನಸ್ಸೂ ನೋಡ್ಲಿ.”

“ಏಯ್ ಬೋಳಿ!” ಉಮೇಶ ಎದ್ದು ಕೈ ಎತ್ತಿದ. ಅವ್ವ ಮುಖ ತಿರುಗಿಸಲಿಲ್ಲ. ಬಾಗಿಲಲ್ಲಿದ್ದ ನಮ್ಮ ಜನ ಒಂದು ಹೆಜ್ಜೆ ಒಳಕ್ಕೆ ಬಂತು. ಉಮೇಶ ಎತ್ತಿದ ಕೈಯಿಂದ ತನ್ನ ಕೂದಲು ಸರಿಮಾಡಿಕೊಂಡು, “ಸಾರ್, ಸುಮ್ನೆ ಚಿಕ್ಕದರಲ್ಲೇ ಮುಗಿಸಿ ಸಾರ್” ಅಂದ. ಅವನು ಸಾರ್ ಅಂದ ರೀತಿ ಬದಲಾಗಿತ್ತು.

ರಘುನಾಥ ಗುರುಪಾದಪ್ಪನ ಕಡೆ ನೋಡಿದ. ಗುರುಪಾದಪ್ಪ ಕಂಪ್ಯೂಟರಿನ ಮುಂದೆ ಕೂತು, “ಯಾವ ಕಲಂ ಹಾಕ್ಲಿ ಸಾಹೇಬ್ರ?” ಅಂತ ಕೇಳಿದ. ಇಷ್ಟು ಹೊತ್ತು ಹತ್ತು ವರ್ಷ, ಜೀವಾವಧಿ ಅಂತ ಹೆದರಿಸಿದ ಮನುಷ್ಯ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಆಮೇಲೆ ಮುಚ್ಚಳಿಕೆಯನ್ನು ಮಡಚಿ ಡ್ರಾಯರಿಗೆ ಹಾಕಿ, ಶಾಯಿಯ ಪ್ಯಾಡು ಮುಚ್ಚಿದ.

“ಆಯ್ತು, ಯಾವ ಕೇಸೂ ಇಲ್ಲ, ಏನೂ ಇಲ್ಲ. ಮನೆಗ್ ಹೋಗಮ್ಮ.”

“ಯಾವ್ ಮನೆಗೆ?”

ರಘುನಾಥ, “ಹೇಳ್ತಿಲ್ವಾ? ನಡಿ! ಲೇಡಿ ಪಿಸಿ ಯಾರ್ರೀ ಇದೀರ, ಎಳ್ದು ಹೊರಗಾಕ್ರೀ ಇವ್ಳನ್ನ!” ಅಂತ ಕೂಗಿದ.

ಇಬ್ಬರು ಹೆಣ್ಣು ಪೊಲೀಸರು ಬಂದು ಅವ್ವನ ಎರಡೂ ರಟ್ಟೆಗೆ ಕೈ ಹಾಕಿದರು. ಅವ್ವ ನೆಲದ ಮೇಲೆ ಕೂತು ರಘುನಾಥನ ಮೇಜಿನ ಕಾಲನ್ನು ತಬ್ಬಿ ಹಿಡಿದಳು. ಅವರು ಎಳೆದರು. ಅವ್ವನ ಜೊತೆ ಮೇಜೂ ಬಂತು. ಮೇಲೆ ಹಾಸಿದ್ದ ಗಾಜು ಜಾರಿ ಬಿದ್ದು ಒಡೆಯಿತು, ಫೋನು ಬಿತ್ತು, ಉಮೇಶ ಕಾಲು ಮೇಲಕ್ಕೆತ್ತಿಕೊಂಡ. ಅವ್ವ ಕೈ ಬಿಡಲಿಲ್ಲ.

“ಬರ್ಕೊಳ್ರೋ,” ಅಂತಿದ್ದಳು. “ಬೆಂಕಿ ಇಟ್ಟವ್ರೆ ಅಂತ ಬರ್ಕೊಳ್ರೋ.”